ರೊಕ್ಕ ಕಟ್ ಆತು, ಮುಟ್ಟಲಿಲ್ಲ

ಕೇಳುಗರಿಗೆಲ್ಲ ನಮಸ್ಕಾರ್ರಿ. ಫೋನಿನ ಪೇಮೆಂಟಿನ ಮ್ಯಾಲೆ ಸರ್ಕಾರ ಮಾಡಿಸಿದ ಅಧ್ಯಯನ, ಅದರ ಕಾಯ್ದೆ, ಇದರ ಬಗ್ಗೆ ಮಾತಾಡ್ರಿ ಅಂದಾರ. ಆಗಲಿ. ನೀವು ಮೊದಲ ಒಂದು ಪೆನ್ನು ಹಿಡಕೊಂಡು ಕೂಡ್ರಿ.

ಈ ವ್ಯವಹಾರಕ್ಕೆಲ್ಲ ಬುನಾದಿ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ. 2016ರಾಗ ಹಣಕಾಸು ಸಚಿವಾಲಯ ಡಿಜಿಟಲ್ ಪಾವತಿ ಅಧ್ಯಯನಕ್ಕ ರತನ್ ವಾತಲ್ ಸಮಿತಿ ನೇಮಿಸಿತು. ಪಾವತಿ ನಿಯಂತ್ರಣಕ್ಕಂತನ ರಿಸರ್ವ್ ಬ್ಯಾಂಕಿನೊಳಗ ಒಂದು ಮಂಡಳಿ ಇರಲಿ ಅಂತ ಸಮಿತಿ ಹೇಳಿತು. ಮಂಡಳಿ ಬಂದದ್ದು 2025ರ ಮೇ ತಿಂಗಳಾಗ. ಗವರ್ನರ್ ಅಧ್ಯಕ್ಷರು, ಆರು ಮಂದಿಯೊಳಗ ಮೂವರು ಕೇಂದ್ರ ಸರ್ಕಾರದ ಕಡಿಯವರು. ಇದಿಷ್ಟು ಸಾಕು.

ನಿಮ್ಮ ಕಿಸೆಗೆ ಸಂಬಂಧಪಟ್ಟದ್ದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ.

ಗುಳೇದಗುಡ್ಡದಾಗ ಒಂದು ಖಣದ ಅಂಗಡಿ ಅಂತ ತಿಳ್ಕೊಳ್ರಿ. ಅಕ್ಕಾರು ನಾಕು ಖಣ ಆರಿಸಿದ್ರು, ಸ್ಕ್ಯಾನ್ ಮಾಡಿ 1,200 ರೂಪಾಯಿ ಹಾಕಿದ್ರು. ಖಾತೆದಾಗ ಕಟ್ ಆತು. ರೊಕ್ಕ ಬಂತಂತ ಕೂಗಿ ಹೇಳೂ ಅಂಗಡಿ ಡಬ್ಬಿ ಮಾತಾಡಲಿಲ್ಲ. "ಬಂದಿಲ್ರಿ ಅಕ್ಕಾರ, ಇನ್ನೊಮ್ಮೆ ಹಾಕ್ರಿ" ಅಂದ್ರು ಸಾವಕಾರ್ರು. ಹಾಕಿಬಿಟ್ರು! ಎಲ್ಲಾರೂ ಎಡವೂದು ಇಲ್ಲೇ. ಡಬ್ಬಿಗೆ ನೆಟ್‌ವರ್ಕ್ ಇರಲಿಕ್ಕಿಲ್ಲ, ರೊಕ್ಕ ಮುಟ್ಟಿರಬಹುದು. ಮೊದಲಿಂದು ತಡಾ ಆಗಿ ಜಮಾ ಆತಂದ್ರ ಅದು ಫೇಲ್ ಅಲ್ಲ. ಬ್ಯಾಂಕು ವಾಪಸ್ ಕೊಡೂದಿಲ್ಲ, ಸಾವಕಾರ್ರ ಕೊಡಬೇಕು. ಅದಕ್ಕ ಡಬ್ಬಿ ಬಿಡ್ರಿ, ಅವರ ಆ್ಯಪಿನಾಗ ಹಿಸ್ಟರಿ ತೆಗಸ್ರಿ. ನಿಮ್ಮ ಆ್ಯಪಿನಾಗ ಆ ವ್ಯವಹಾರ ಒತ್ತಿದ್ರ 12 ಅಂಕಿಯ ಯುಟಿಆರ್ ನಂಬರು ಕಾಣತೈತಿ. ಬರಕೊಳ್ರಿ. ಬ್ಯಾಂಕಿನಾಗ ನಿಮ್ಮ ವ್ಯವಹಾರ ಹುಡುಕೂದು ಆ ನಂಬರಿಂದ.

ಖರೇನ ಫೇಲ್ ಆಗಿದ್ರ, ಆ ಸುತ್ತೋಲೆ ಪ್ರಕಾರ ಅಂಗಡಿಗೆ ಹಾಕಿದ ರೊಕ್ಕ ಐದು ದಿನದೊಳಗ ತಿರುಗಿ ಬರಬೇಕು. ಮಂದಿ ಖಾತೆಗೆ ಹಾಕಿದ್ದು ಮರುದಿನದೊಳಗ. ತಪ್ಪಿದ್ರ ದಿನಕ್ಕ 100 ರೂಪಾಯಿ ಪರಿಹಾರ; ನೀವು ಅರ್ಜಿ ಕೊಡದಿದ್ರೂ ಬ್ಯಾಂಕೇ ಜಮಾ ಮಾಡಬೇಕು. ಮಾಡಿಲ್ಲೇನು? ಆ್ಯಪಿನಾಗ ದೂರು ಒತ್ರಿ, ಬ್ಯಾಂಕಿಗೆ ಬರದು ಕೊಡ್ರಿ, ಅದರಾಗೂ ಆ 12 ಅಂಕಿ ಇರಲಿ. ಗೂಗಲ್‌ನಾಗ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಮಾತ್ರ ಫೋನ್ ಹಚ್ಚಬ್ಯಾಡ್ರಿ, ಕೈ ಮುಗೀತೀನಿ! ಅಲ್ಲಿ ಮೋಸಗಾರರು ಕುಂತು ಪಿನ್ ಕೇಳಬಹುದು; ರೊಕ್ಕ ವಾಪಸ್ ತಗೊಳ್ಳಾಕ ಪಿನ್ ಬೇಕಾಗೂದ ಇಲ್ಲ.

ವ್ಯಾಳ್ಯಾ ಆತು ಅಂತ ಗಾಜಿನ ಆಚೆಯಿಂದ ಕೈ ಮಾಡಾಕತ್ತಾರ. ಮೋಸ ಆಗಿದ್ರ ಕೂಡಲೇ 1930ಕ್ಕ ಹಚ್ರಿ, ಬ್ಯಾಂಕಿಗೂ ತಿಳಸ್ರಿ. ದೂರು ಕೊಟ್ಟು 30 ದಿನ ಆದ್ರೂ ಬ್ಯಾಂಕು ಉತ್ತರ ಕೊಡದಿದ್ರ ದೂರು ವಿಚಾರಿಸೂ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಕಡೆ ಹೋಗ್ರಿ, ಫೀ ಇಲ್ಲ. ಮಾಹಿತಿಗೆ 14448. ನಂಬರು ಬರಕೊಂಡ್ರಲ್ಲ?