ಗೇಜ್ ಚೆಲ್ಲುವ ಮೊದಲು ಬರೆದಿಡಿ

ಎಲ್ಲರಿಗೂ ನಮಸ್ಕಾರ. ಮೊದಲು ಅರ್ಧ ಗಂಟೆ ಅಂದಿದ್ದರು, ಈಗ ಹದಿನೈದು ನಿಮಿಷ ಅನ್ನುತ್ತಿದ್ದಾರೆ. ಸ್ಲೈಡ್ ಬಿಟ್ಟುಬಿಡೋಣ.

ಮೀಟರ್, ಪವರ್ ಸಪ್ಲೈಯಂಥ ಲ್ಯಾಬ್ ಉಪಕರಣಗಳು ತಮಗೇನಾಯಿತು ಎಂದು ಗುರುತು ಹಾಕಿಡುವ ಜಾಗವೇ ಸ್ಟೇಟಸ್ ರಿಜಿಸ್ಟರ್. ಕೊಡಗಿನವರಿಗೆ ಅದನ್ನು ಹೇಳಿಕೊಡುವುದು ಸುಲಭ. ನಮ್ಮ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ರೇನ್ ಗೇಜ್ ಇದೆ ಅಲ್ವಾ? ಏಪ್ರಿಲ್ ಬಂತೆಂದರೆ ಫೋನಲ್ಲಿ ಯೋಗಕ್ಷೇಮ ಆಮೇಲೆ, ಮೊದಲು 'ಎಷ್ಟು ಸೆಂಟ್ ಬಿತ್ತು?' ನೂರು ಸೆಂಟ್ ಅಂದರೆ ಒಂದಿಂಚು ಮಳೆ. ಕಿಟಕಿಯಲ್ಲಿ ಇಣುಕಿದರೆ ಈಗ ಮಳೆ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಅದು ಕಂಡಿಷನ್ ರಿಜಿಸ್ಟರ್. ರಾತ್ರಿ ಬಂದು ಹೋದ ಮಳೆ ಗೇಜಿನಲ್ಲಿ ನಿಂತಿರುತ್ತದೆ. ಅದು ಇವೆಂಟ್ ರಿಜಿಸ್ಟರ್.

ನಾನು ಚಿಕ್ಕವನಿದ್ದಾಗ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಬೆಳಿಗ್ಗೆ, ಗೇಜಿನ ನೀರನ್ನು ಸುಮ್ನೆ ಒಂದು ಸಸಿಗೆ ಸುರಿದುಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತೋಟದ ಲೆಕ್ಕ ಬರೆಯುವ ರೈಟರ್ ಬಂದರು. ಗೇಜ್ ಖಾಲಿ! ಅಪ್ಪನಿಗೆ ತಲೆಬಿಸಿ. ಒಂದಿಂಚು ಬಿದ್ದಿದ್ದರೆ ಸರಿ, 30 ಸೆಂಟ್ ಅಂದರೆ ಸ್ಪ್ರಿಂಕ್ಲರ್ ಹಾಕಲೇಬೇಕು. 'ಅಂದಾಜು ಎಷ್ಟಿರಬಹುದು ರೈಟರೇ?' 'ನೆಲ ನೋಡಿದರೆ 60 ಅನ್ನಿಸುತ್ತೆ ಸಾವ್ಕಾರ್ರೇ.' ಪಕ್ಕದ ತೋಟದವರನ್ನು ಕೇಳಿ ಏನು ಪ್ರಯೋಜನ? ಅವರ ಗುಡ್ಡದ ಮಳೆಯೇ ಬೇರೆ. ಸಸಿ ಮಾತ್ರ ಚೆನ್ನಾಗಿ ಬಂತು.

ದೊಡ್ಡವನಾಗಿ ಲ್ಯಾಬ್ ಸೇರಿ ಅದೇ ತಪ್ಪು ಮಾಡಿದೆ. ಒಂದು ಬೋರ್ಡಿಗೆ ರಾತ್ರಿಯಿಡೀ 12 ವೋಲ್ಟ್ ಕೊಟ್ಟು ಟೆಸ್ಟ್. ಬೆಳಿಗ್ಗೆ ನೋಡಿದರೆ ಪವರ್ ಸಪ್ಲೈ ಆನ್, ಔಟ್‌ಪುಟ್ ಮಾತ್ರ ಆಫ್. ಬೋರ್ಡ್ ಸುಟ್ಟಿದೆ ಎಂದರು ಮೇಲಿನವರು. ನಾನು ಪವರ್ ಸಪ್ಲೈಯ ಇವೆಂಟ್ ರಿಜಿಸ್ಟರ್ ಓದುವ ಕಮಾಂಡ್, ಸ್ಟಾರ್ ಇಎಸ್ಆರ್ ಪ್ರಶ್ನೆಚಿಹ್ನೆ, ಟೈಪ್ ಮಾಡಿದೆ. 128 ಬಂತು. ಸೊನ್ನೆಯಿಂದ ಎಣಿಸಿದರೆ ಏಳನೇ ಬಿಟ್, ಅಂದರೆ ಪವರ್ ಆನ್. ರಾತ್ರಿ ಕರೆಂಟ್ ಹೋಗಿ ಬಂದಿದೆ! ಖುಷಿಯಲ್ಲಿ ಸ್ಕ್ರೀನ್ ಅಳಿಸಿ, 'ಸರ್, ಬನ್ನಿ' ಎಂದು ಅವರೆದುರು ಮತ್ತೆ ಕೇಳಿದೆ. 0.

ಓದಿದರೆ ಅಳಿಸಿಹೋಗುತ್ತದೆ. ಕಂಪ್ಯೂಟರ್ ಮತ್ತು ಉಪಕರಣ ಹೇಗೆ ಮಾತಾಡಬೇಕು ಎಂಬ ಮಾನದಂಡ, 1987ರ ಐಇಇಇ 488.2, ಹೇಳುವುದೇ ಹಾಗೆ. ಅದು ಬರುವ ಮೊದಲು, 1975ರ 488ರಲ್ಲಿ, ಉಪಕರಣದ ಸ್ಥಿತಿ ಹೇಳುವ ಸ್ಟೇಟಸ್ ಬೈಟಿನ ಆರನೇ ಬಿಟ್ ಒಂದಕ್ಕೇ ನಿಗದಿಯಾದ ಅರ್ಥವಿತ್ತು. ಉಳಿದದ್ದು ಕಂಪನಿಯವರ ಇಷ್ಟ. ಇನ್ನೊಂದು ಮಾತು: ಗೇಜ್ ಸೆಂಟ್ ಲೆಕ್ಕವಾದರೂ ಕೊಡುತ್ತದೆ, ಈ ಬಿಟ್ ಅದನ್ನೂ ಕೊಡುವುದಿಲ್ಲ. ಕರೆಂಟ್ ಒಂದು ಸಲ ಹೋಗಲಿ, ಹತ್ತು ಸಲ ಹೋಗಲಿ, ಅದೇ 1. ನಮ್ಮ ಜೂನ್‌ಗೆ ಇದು ಸಾಲದು, ಬಿಡಿ. ಹಾಗಾಗಿ ಓದಿದ ಕೂಡಲೇ ಫೈಲಿಗೆ ಬರೆಯಿರಿ. ಇಬ್ಬರು ಓದುವ ಹಾಗಿದ್ದರೆ ಒಬ್ಬನೇ ರೈಟರ್ ಇರಲಿ.

ಸಮಯ ಮುಗಿಯಿತು ಎಂದು ಚೀಟಿ ಬಂತು. ಮಾಸ್ಕ್ ಬಗ್ಗೆ, ಅಂದರೆ ಯಾವ ಬಿಟ್ ಏರಿದರೆ ಉಪಕರಣ ತಾನೇ ಕಂಪ್ಯೂಟರನ್ನು ಕರೆಯಬೇಕು ಎಂಬ ಸೆಟ್ಟಿಂಗ್ ಬಗ್ಗೆ, ಒಂದೇ ಮಾತು. ಅದರ ಎರಡು ಕಮಾಂಡುಗಳಲ್ಲಿ ಇಎಸ್ಇಗೆ 128, ಎಸ್ಆರ್‌ಇಗೆ 32 ಕೊಡಿ ಎನ್ನುತ್ತಾರೆ. ಆದರೆ ಕರೆಂಟ್ ಹೋದಾಗ ಆ ಮಾಸ್ಕೇ ಅಳಿಸಿರಬಹುದು! ಪಿಎಸ್‌ಸಿ ಎಂಬ ಕಮಾಂಡಿಗೆ 0 ಕೊಟ್ಟಿಟ್ಟರೆ ಮಾಸ್ಕ್ ಉಳಿಯುತ್ತದೆ. ಎರರ್ ಕ್ಯೂ, ಅಂದರೆ ಉಪಕರಣ ಇಟ್ಟುಕೊಳ್ಳುವ ತಪ್ಪುಗಳ ಸಾಲು, ಅದು ಊಟದ ಮೇಲೆ.

ಮೇಜಿನ ಮೇಲೆ ಮೀಟರ್ ಇದೆ. ಬೆಳಿಗ್ಗೆ ಇಲ್ಲಿ ಕರೆಂಟ್ ಹೋಗಿ ಬಂತಲ್ಲ, ಆಮೇಲೆ ಯಾರೂ ಅದನ್ನು ಓದಿಲ್ಲ. ಮೊದಲು ಬಂದವರಿಗೆ 128. ಪೆನ್ ತನ್ನಿ.