ಸೀತಾಳೆ ದಂಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿರಸಿ, ಯಲ್ಲಾಪುರ, ಸಾಗರದ ಕಡೆಯವರಿಗೆ ನಾನಿಂದು ಹೇಳಲಿರುವ ಹೂವಿನ ಗುರುತು ಚೆನ್ನಾಗಿಯೇ ಇದೆ. ಮೇ ತಿಂಗಳಲ್ಲಿ ನಾಲ್ಕು ಅಡ್ಡಮಳೆ ಬಿದ್ದರೆ ಸಾಕು, ಹಲಸು, ಮಾವು, ಮತ್ತಿ ಮರಗಳ ಕೊಂಬೆಯಿಂದ ಗೇಣುದ್ದ, ಮೊಳದುದ್ದ ಹೂಗೊಂಚಲು ಇಳಿಬೀಳುತ್ತದೆ. ಅದೇ ಸೀತಾಳೆ ದಂಡೆ. ಸೀತೆದಂಡೆ ಅನ್ನುವವರೂ ಇದ್ದಾರೆ.

ನಮ್ಮಲ್ಲಿ ದಂಡೆ ಎಂದರೆ ಮುಡಿಯಲು ಕಟ್ಟಿದ ಹೂಮಾಲೆ. ಮಲ್ಲಿಗೆ, ಅಬ್ಬಲಿಗೆ ಕಟ್ಟಲು ಬಾಳೆನಾರು ಬೇಕು, ಮಧ್ಯಾಹ್ನದ ಬಿಡುವು ಬೇಕು. ಇದು ಮರದಲ್ಲೇ ಕಟ್ಟಿಕೊಂಡು ಬಂದ ದಂಡೆ. ವನವಾಸದಲ್ಲಿದ್ದ ಸೀತೆ ಇದನ್ನೇ ಮುಡಿದಳಂತೆ, ಅದಕ್ಕೇ ಈ ಹೆಸರು ಎಂದು ಅಜ್ಜಿ ಹೇಳುತ್ತಿದ್ದಳು. ಅರಮನೆಯ ಹೂದೋಟ ಬಿಟ್ಟುಬಂದ ಹೆಣ್ಣುಮಗಳಿಗೆ ಕಾಡೇ ಮಾಲೆ ಕಟ್ಟಿಕೊಟ್ಟಿತು ಎಂಬ ಆ ಕಲ್ಪನೆ ನನಗೆ ಇಂದಿಗೂ ಇಷ್ಟ.

ನಮ್ಮ ಅಂಗಳದ ಹಲಸಿನ ಮರದಲ್ಲಿ ಐದಾರು ಬುಡ ಇದ್ದವು. ಏಣಿ ಹತ್ತುವಾಗ ಅಜ್ಜಿಯದು ಒಂದೇ ಮಾತು: "ಹೂ ಮಾತ್ರ ಕೊಯ್ಯಿ ಕೂಸೇ, ಬೇರು ಮುಟ್ಟಡ." ಕೊಯ್ದು ತಂದದ್ದನ್ನು ಅವಳು ನನ್ನ ಜಡೆಯ ಬುಡಕ್ಕೆ ಒಂದು ಸುತ್ತು ಸುತ್ತಿ ಪಿನ್ನು ಚುಚ್ಚುತ್ತಿದ್ದಳು. ಒಂದು ದಂಡೆಯಲ್ಲಿ ನೂರಕ್ಕೂ ಹೆಚ್ಚು ಪುಟ್ಟ ಹೂಗಳು. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕೆ, ನಡುವೆ ಗುಲಾಬಿ ತುಟಿ. ತೆಳುವಾದ ಪರಿಮಳ.

ಈ ಹೂವಿಗೆ ಇಂಥ ಮರ್ಯಾದೆ ನಮ್ಮಲ್ಲಷ್ಟೇ ಅಲ್ಲ. ಅಸ್ಸಾಮಿನಲ್ಲಿ ಇದರ ಹೆಸರು ಕೊಪೌ ಫೂಲ್. ಏಪ್ರಿಲ್ ನಡುವೆ ರೊಂಗಾಲಿ ಬಿಹು ಬಂದಾಗ ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದು ಇರಲೇಬೇಕು. ಅದು ಅಸ್ಸಾಮಿನ ರಾಜ್ಯಪುಷ್ಪವೂ ಹೌದು. ಎರಡು ಸಾವಿರ ಕಿಲೋಮೀಟರಿಗೂ ಆಚೆ, ಬೇರೆ ಮಾತಿನ, ಬೇರೆ ಊಟದ ಜನಕ್ಕೂ ಇದನ್ನು ಕಂಡೊಡನೆ ಮುಡಿಯಬೇಕು ಅನ್ನಿಸಿತಲ್ಲ!

ಸಸ್ಯಶಾಸ್ತ್ರದಲ್ಲಿ ಇದು ರಿಂಕೋಸ್ಟೈಲಿಸ್ ರೆಟುಸಾ, ಆರ್ಕಿಡ್ ಕುಟುಂಬದ್ದು. ಮರದ ಮೇಲೆ ಬೆಳೆಯುವುದರಿಂದ ಬಂದಳಿಕೆ ಎಂದು ತಿಳಿದು ಕಿತ್ತೆಸೆಯುವವರಿದ್ದಾರೆ. ಬಂದಳಿಕೆ ಮರದ ಸಾರ ಹೀರುತ್ತದೆ. ಸೀತಾಳೆ ಮರದಿಂದ ಕೇಳುವುದು ಕೂರಲು ಜಾಗ ಮಾತ್ರ. ಅದರ ಬೇರನ್ನು ಹತ್ತಿರದಿಂದ ನೋಡಿ. ಬಿಸಿಲಲ್ಲಿ ಬೂದುಬಿಳಿ, ಒಂದು ಹನಿ ಬಿದ್ದರೆ ಆ ಜಾಗ ಕಣ್ಣೆದುರೇ ಹಸಿರಾಗುತ್ತದೆ. ಬೇರಿನ ಮೇಲಿರುವ ಸ್ಪಂಜಿನಂಥ ಪದರವೇ ಮಳೆ, ಮಂಜಿನ ನೀರನ್ನು ಹೀರಿ ಒಳಗೆ ಕಳಿಸುತ್ತದೆ.

ಇದರ ಕಾಯಿಯೊಳಗೆ ಲೆಕ್ಕವಿಲ್ಲದಷ್ಟು ಬೀಜ, ಹಿಟ್ಟಿನ ಧೂಳಿನ ಹಾಗೆ. ಆದರೆ ಭತ್ತ, ಹೆಸರಿನ ಕಾಳಿನಂತೆ ಮೊಳಕೆಗೆ ಬುತ್ತಿ ಕಟ್ಟಿಟ್ಟಿರುವುದಿಲ್ಲ. ಮರದ ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ, ಅದು ಉಣಿಸಿದರಷ್ಟೇ ಮೊಳಕೆ. ಅಲ್ಲಿಂದ ಮೊದಲ ಹೂವಿಗೆ ವರ್ಷಗಳೇ ಬೇಕು. ಹಾಗಾಗಿ ರಸ್ತೆ ಅಗಲ ಮಾಡಲು ಒಂದು ಹಳೆಯ ಮಾವಿನ ಮರ ಉರುಳಿತು ಅಂದರೆ, ಬದಿಯಲ್ಲಿ ಸಸಿ ನೆಟ್ಟು ಸಮಾಧಾನಪಡುವಂತಿಲ್ಲ. ಆ ಸಸಿಯ ತೊಗಟೆ ಒರಟಾಗಿ, ಪಾಚಿ ಕಟ್ಟಿ, ಸೀತಾಳೆಗೆ ಮನೆಯಾಗುವ ಹೊತ್ತಿಗೆ ಒಂದು ತಲೆಮಾರೇ ಕಳೆದಿರುತ್ತದೆ.

ಇನ್ನೊಂದು ಸಂಕಟ, ಬುಡಸಮೇತ ಕಿತ್ತು ಒಯ್ಯುವವರದು. ಆರ್ಕಿಡ್‌ಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಎಂಬ, ಕಾಡಿನ ಗಿಡ-ಪ್ರಾಣಿಗಳನ್ನು ಕಾಯಲು ದೇಶಗಳು ಮಾಡಿಕೊಂಡ ಒಪ್ಪಂದದ ಕಡಿವಾಣ ಇದೆ ನಿಜ. ಆದರೆ ಕಾರಿನ ಡಿಕ್ಕಿಯಲ್ಲಿ ಪೇಟೆಯ ಬಾಲ್ಕನಿಗೆ ಹೋಗುವ ಗಿಡವನ್ನು ತಡೆಯುವವರು ಯಾರು? ಮಲೆನಾಡಿನ ತೇವ ಉಂಡು ಬೆಳೆದದ್ದು ಅಲ್ಲಿ ಹೆಚ್ಚು ದಿನ ಬಾಳುವುದು ಕಷ್ಟ. ದಯವಿಟ್ಟು ಒಯ್ಯಬೇಡಿ.

ಎರಡು ವರ್ಷದ ಹಿಂದೆ ಗಾಳಿಮಳೆಗೆ ನಮ್ಮ ಹಲಸಿನ ಮರ ಬಿತ್ತು. ಮುರಿದ ಕೊಂಬೆಗಳಿಂದ ಮೂರು ಬುಡಗಳನ್ನು ತೊಗಟೆಯ ಸಮೇತ ಬಿಡಿಸಿ, ಹಿತ್ತಲ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದೆವು. ಒಂದು ಒಣಗಿತು. ಎರಡು ಹೊಸ ಬೇರು ಬಿಟ್ಟು ತೊಗಟೆಯನ್ನು ಅಪ್ಪಿ ಹಿಡಿದಿವೆ. ಈ ಸಲ ಅವುಗಳಲ್ಲೊಂದು ಗೇಣುದ್ದದ ದಂಡೆ ಬಿಟ್ಟಿತು. ಅಣ್ಣನ ಮಗಳು ಮುಡಿಯುತ್ತೇನೆಂದಳು. ಇದೊಂದು ಸಲ ಕಾಯಿ ಕಟ್ಟಲಿ, ಮುಂದಿನ ವರ್ಷದ್ದು ನಿನಗೆ ಎಂದಿದ್ದೇನೆ. ಅವಳು ದಿನಾ ಶಾಲೆಗೆ ಹೋಗುವ ಮುಂಚೆ ಮರದ ಕೆಳಗೆ ನಿಂತು ನೋಡಿ ಬರುತ್ತಾಳೆ.

ನಮಸ್ಕಾರ.