ಮಾಡನ್ನು ಮೇಲಕ್ಕೆ ಎಳೆಯುವ ಗಾಳಿ

ನಮಸ್ಕಾರ. ಕಾಫಿ ಕಣದ ಪಕ್ಕ ಒಂದು ಗೋಡೌನ್, ಅದರ ಮೇಲೆ ಶೀಟಿನ ಮಾಡು. ನಮ್ಮ ಕೊಡಗಿನಲ್ಲಿ ಎಲ್ಲಿ ತಿರುಗಿದರೂ ಕಾಣುತ್ತದೆ, ಅಲ್ವಾ? ಇವತ್ತು ಆ ಮಾಡಿನ ಲೆಕ್ಕದ ಬಗ್ಗೆ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ಹುಡುಗ ಹುಡುಗಿಯರು ಸ್ವಲ್ಪ ಗಮನ ಕೊಡಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೋಮವಾರಪೇಟೆ ಕಡೆ, ಬೆಟ್ಟದ ನೆತ್ತಿಯ ಒಂದು ಗೋಡೌನ್ ನನ್ನ ಕೈಗೆ ಬಂತು. ಸ್ಟಾಡ್ ಅಂದರೆ ಕಟ್ಟಡದ ಬಲದ ಲೆಕ್ಕ ಹಾಕುವ ಸಾಫ್ಟ್‌ವೇರ್, ಅದರಲ್ಲಿ ಮಾಡೆಲ್ ಮಾಡಿದೆ. ಡೆಡ್ ಲೋಡ್ ಅಂದರೆ ಮಾಡಿನ ಸ್ವಂತ ಭಾರ, ಲೈವ್ ಲೋಡ್ ಅಂದರೆ ರಿಪೇರಿಗೆ ಹತ್ತುವ ಜನ, ಸಾಮಾನಿನ ಭಾರ. ಎರಡನ್ನೂ ಕೂಡಿಸಿ, ಸುರಕ್ಷತೆಗೆಂದು 1.5ರಿಂದ ಗುಣಿಸಿದೆ, ಎಲ್ಲ ಪಾಸ್ ಆಯ್ತು. ಹಿರಿಯ ಎಂಜಿನಿಯರ್ ಒಬ್ಬರು ನೋಡಿ, ಕಕ್ಕಡದ ಗಾಳಿ, ಅಂದರೆ ಜೋರು ಮಳೆಗಾಲದ ತಿಂಗಳ ಗಾಳಿ, ಎಲ್ಲಿ ಎಂದು ಕೇಳಿದರು.

ಲೆಕ್ಕ ನೋಡಿ. ಶೀಟು, ಅದನ್ನು ಹೊರುವ ಅಡ್ಡ ಪಟ್ಟಿ ಅಂದರೆ ಪರ್ಲಿನ್ ಸೇರಿ ಚದರ ಮೀಟರಿಗೆ ಸುಮಾರು 15 ಕಿಲೋ. ಮಾಡಿನ ಲೈವ್ ಲೋಡ್ 75 ಕಿಲೋ. ಎರಡನ್ನೂ ಕೂಡಿಸಿ 1.5ರಿಂದ ಗುಣಿಸಿದರೆ 135 ಕಿಲೋ, ಕೆಳಮುಖವಾಗಿ. ಈಗ ಗಾಳಿ. ಕಟ್ಟಡದ ಮೇಲಿನ ಭಾರಗಳ ಭಾರತೀಯ ಮಾನದಂಡ ಐಎಸ್ 875, ಅದರ ಮೂರನೇ ಭಾಗದ ಗಾಳಿ ನಕ್ಷೆಯಲ್ಲಿ ಅತಿ ಕಡಿಮೆ ವೇಗ ಸೆಕೆಂಡಿಗೆ 33 ಮೀಟರ್. ಅದನ್ನೇ ಹಿಡಿದರೂ ಒತ್ತಡ ಸುಮಾರು 65 ಕಿಲೋ ಆಗುತ್ತದೆ. ಆದರೆ ಬೆಟ್ಟದ ನೆತ್ತಿಯಲ್ಲಿ ವೇಗವನ್ನು 1.36ರವರೆಗೆ ಗುಣಿಸಬೇಕಾಗಿ ಬರಬಹುದು. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅದು 120 ಕಿಲೋ ದಾಟುತ್ತದೆ. ಆ ಒತ್ತಡವೆಲ್ಲ ಮಾಡನ್ನು ಮೇಲಕ್ಕೆ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 1.5ರಿಂದ ಗುಣಿಸಿ, ಡೆಡ್ ಲೋಡಿನ 0.9 ಪಾಲು ಕಳೆದರೆ ಹತ್ತಿರ ಹತ್ತಿರ 170 ಕಿಲೋ, ಮೇಲ್ಮುಖವಾಗಿ!

ಈ 0.9ರ ಸಾಲು ಕಾಂಕ್ರೀಟಿನ ಮಾನದಂಡ ಐಎಸ್ 456ರಲ್ಲೂ ಇದೆ, ಉಕ್ಕಿನ ಐಎಸ್ 800ರಲ್ಲೂ ಇದೆ. ಇಲ್ಲಿ ಸ್ವಂತ ಭಾರ ನಮಗೆ ಸಹಾಯ ಮಾಡುತ್ತದೆ, ಸಹಾಯ ಮಾಡುವುದನ್ನು ಜಾಸ್ತಿ ಲೆಕ್ಕ ಹಾಕಬಾರದು, ಕಡಿಮೆಯೇ ಹಿಡಿಯಬೇಕು. ನಾವು ಗಾಳಿಯ ಲೋಡ್ ಕೊಡದಿದ್ದರೆ ಸಾಫ್ಟ್‌ವೇರ್ ತಾನಾಗಿ ಕೇಳುವುದಿಲ್ಲ. ಸುಮ್ನೆ ಪಾಸ್ ಅನ್ನುತ್ತದೆ.

ಇನ್ನೊಂದು ವಿಷಯ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಸ್ಟಾಡ್‌ನಲ್ಲಿ ಲೋಡ್ ಕಾಂಬಿನೇಷನ್ ಅಂದರೆ ಒಂದೊಂದು ಲೋಡಿಗೂ ಬೇರೆ ಬೇರೆ ಬಂದ ಉತ್ತರಗಳನ್ನು ಗುಣಿಸಿ ಕೂಡಿಸುವುದು, ಅಷ್ಟೇ. ರಿಪೀಟ್ ಲೋಡ್ ಹಾಗಲ್ಲ, ಲೋಡುಗಳನ್ನೇ ಮೊದಲು ಸೇರಿಸಿ ಹೊಸದಾಗಿ ವಿಶ್ಲೇಷಣೆ ಮಾಡುತ್ತದೆ. ಎಳೆತ ಮಾತ್ರ ತಡೆಯುವ ಬ್ರೇಸಿಂಗ್, ಅಂದರೆ ಓರೆ ರಾಡ್ ಇದ್ದರೆ, ಇಲ್ಲವೇ ಪಿ-ಡೆಲ್ಟಾ, ಅಂದರೆ ಕಟ್ಟಡ ವಾಲಿದಾಗ ಭಾರದಿಂದ ಬರುವ ಹೆಚ್ಚುವರಿ ಪರಿಣಾಮದ ಲೆಕ್ಕ ಬೇಕಿದ್ದರೆ, ರಿಪೀಟ್ ಲೋಡೇ ಬೇಕು. ಒಂದು ಲೋಡಿನಲ್ಲಿ ಸಡಿಲ ಬಿದ್ದ ರಾಡ್ ಇನ್ನೊಂದರಲ್ಲಿ ಬಿಗಿಯಾಗುತ್ತದೆ, ಆ ಎರಡು ಉತ್ತರ ಕೂಡಿಸಿದರೆ ಅರ್ಥವೇ ಇಲ್ಲ.

ಪಾಯದ ಕೆಳಗಿನ ಮಣ್ಣಿನ ಒತ್ತಡ ನೋಡುವಾಗ ಮಾತ್ರ 1.5 ಬಿಟ್ಟು, ಇದ್ದ ಭಾರವನ್ನೇ ಹಿಡಿಯಿರಿ.

ಆ ಗೋಡೌನಿಗೆ ಕೊನೆಗೆ ಪರ್ಲಿನ್‌ಗಳನ್ನು ಹತ್ತಿರ ಹತ್ತಿರ ಇಟ್ಟೆವು. ಮೇಲಕ್ಕೆ ಎಳೆದಾಗ ಪರ್ಲಿನ್ನಿನ ಕೆಳ ಅಂಚು ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗಬಾರದಲ್ವಾ, ಅದಕ್ಕೆ ಅಲ್ಲಿ ಆಧಾರ ಕೊಟ್ಟೆವು. ಶೀಟಿನ ಸ್ಕ್ರೂನಿಂದ ಹಿಡಿದು ಕಂಬದ ಬುಡದ ಬೋಲ್ಟಿನವರೆಗೆ ಎಲ್ಲವನ್ನೂ ಆ 170 ಕಿಲೋಗೆ ಮತ್ತೆ ಲೆಕ್ಕ ಹಾಕಿದೆವು. ನಮಸ್ಕಾರ.